ಎರಡು ಪುಟ್ಟ ಪದಗಳು, ಸಾವಿರ ವರ್ಷದ ಚರಿತ್ರೆ



ಇಂಗ್ಲಿಷ್ ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ವಿದ್ಯಾರ್ಥಿಗಳು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಷೇಕ್ಸ್‌ಪಿಯರನ ನಾಟಕಗಳ ಕುರಿತದ್ದಲ್ಲ, ಕರ್ಮಣಿ ಪ್ರಯೋಗದ ಕುರಿತದ್ದೂ ಅಲ್ಲ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಹಾಗಾದರೆ ‘ಗಿವ್ ಅಪ್’ ಎಂದರೆ ಕೈಬಿಡು ಎಂದು ಹೇಗಾಯಿತು? ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕು, ‘ಪುಟ್ ಔಟ್’ ಎಂದರೆ ಆರಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಇಡು ಎಂಬ ಒಂದೇ ಕ್ರಿಯೆಗೆ ಇಷ್ಟೊಂದು ವೇಷಗಳೇಕೆ? ಇದೇ ಆ ಪ್ರಶ್ನೆ. ನಿಮ್ಮಲ್ಲಿ ಅನೇಕರು ಈ ಪಟ್ಟಿಯನ್ನು ಪರೀಕ್ಷೆಗಾಗಿ ಉರುಹೊಡೆದವರು. ಪರೀಕ್ಷೆ ಮುಗಿದ ಮರುದಿನವೇ ಮರೆತವರು. ಅದು ನಿಮ್ಮ ತಪ್ಪಲ್ಲ. ಕಾರಣ ತಿಳಿಯದೆ ಬಾಯಿಪಾಠ ಮಾಡಿದ್ದು ಬಹಳ ದಿನ ನಿಲ್ಲುವುದಿಲ್ಲ.

ವೈಯಾಕರಣರು ಇಂಥ ಜೋಡಿಗಳನ್ನು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಒಂದು ಸಾದಾ ಕ್ರಿಯಾಪದಕ್ಕೆ ದಿಕ್ಕನ್ನೋ ನೆಲೆಯನ್ನೋ ಸೂಚಿಸುವ ಕಿರುಪದವೊಂದು ಸೇರುತ್ತದೆ. ಎರಡೂ ಕೂಡಿ ಮೂರನೆಯ ಅರ್ಥವೊಂದನ್ನು ಹೊರಡಿಸುತ್ತವೆ. ಈ ಅರ್ಥಗಳು ಮನಸ್ಸಿಗೆ ಬಂದಂತೆ ಹುಟ್ಟಿದವಲ್ಲ, ಅವಕ್ಕೊಂದು ಚರಿತ್ರೆಯಿದೆ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ. ಆ ಚರಿತ್ರೆಯನ್ನು ಬಲ್ಲವನಿಗೆ ಅರ್ಥಗಳು ತಾವಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ.

ನಮಗೆ ಪರಿಚಿತವಾದ ಕಡೆಯಿಂದಲೇ ಆರಂಭಿಸೋಣ. ಸಂಸ್ಕೃತದಲ್ಲಿ ‘ಹೃ’ ಎಂಬ ಧಾತುವಿದೆ. ಒಯ್ಯು, ಸೆಳೆದುಕೊ ಎಂದು ಅದರ ಅರ್ಥ. ಅದರ ಹಿಂದೆ ಒಂದೊಂದು ಉಪಸರ್ಗ ಸೇರಿದಾಗ ಹುಟ್ಟಿದ ಮಾತುಗಳನ್ನು ನೋಡಿ: ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಊಟಕ್ಕೂ ಅಡ್ಡಾಟಕ್ಕೂ ಏಟಿಗೂ ಕೊಲೆಗೂ ಏನು ಸಂಬಂಧ? ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ನಮ್ಮ ಪ್ರಾಚೀನ ವೈಯಾಕರಣರು ಇದನ್ನೇ ಗುರುತಿಸಿದ್ದರು. ಇಂಗ್ಲಿಷಿನ ‘ಅಪ್’, ‘ಆಫ್’, ‘ಔಟ್’ಗಳು ಮಾಡುವ ಕೆಲಸವೂ ಅದೇ. ಸಂಸ್ಕೃತವೂ ಇಂಗ್ಲಿಷೂ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. ಇಂಗ್ಲಿಷಿನ ‘ಅಪ್’ ಮತ್ತು ಸಂಸ್ಕೃತದ ‘ಉಪ’, ಇಂಗ್ಲಿಷಿನ ‘ಓವರ್’ ಮತ್ತು ಸಂಸ್ಕೃತದ ‘ಉಪರಿ’ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ.

ಇನ್ನೊಂದು ಸೋಜಿಗವಿದೆ. ಲೌಕಿಕ ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಹಿಂದೆಯೇ ಅಂಟಿಕೊಂಡಿರಬೇಕು. ಆದರೆ ವೇದದ ಭಾಷೆಯಲ್ಲಿ ಅದು ಧಾತುವಿನಿಂದ ದೂರ ನಿಲ್ಲಬಹುದಿತ್ತು, ಧಾತುವಿನ ನಂತರವೂ ಬರಬಹುದಿತ್ತು. ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ಇದಕ್ಕಾಗಿಯೇ ಸೂತ್ರಗಳನ್ನು ರಚಿಸಿದ್ದಾನೆ. ಅಂದರೆ ಸಂಸ್ಕೃತದಲ್ಲಿ ಬಿಡಿಯಾಗಿದ್ದ ಪದ ಕ್ರಮೇಣ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ನಡೆದದ್ದು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಪಯಣ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ಈ ವಿಷಯದಲ್ಲಿ ಲೌಕಿಕ ಸಂಸ್ಕೃತದಂತೆಯೇ ಇತ್ತು. ಕ್ರಿಯಾಪದದ ಹಿಂದೆ ಪ್ರತ್ಯಯಗಳನ್ನು ಅಂಟಿಸುವುದು ಅದರ ಮುಖ್ಯ ಪದ್ಧತಿಯಾಗಿತ್ತು. ಆ ಕಾಲದ ಕೆಲವು ಮಾತುಗಳು ಇಂದಿಗೂ ಉಳಿದಿವೆ: ‘ಫರ್‌ಗಿವ್’, ‘ಫರ್‌ಗೆಟ್’, ‘ಓವರ್‌ಕಮ್’, ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’. ಕೊನೆಯ ಮಾತಿನಲ್ಲಿ ‘ವಿತ್’ ಎಂದರೆ ಜೊತೆಯಲ್ಲ, ಎದುರು. ಆ ಪದದ ಹಳೆಯ ಅರ್ಥ ಅದೇ. ಎದುರಾಗಿ ನಿಲ್ಲು ಎಂಬುದರಿಂದ ತಡೆದುಕೊ ಎಂಬ ಅರ್ಥ ಬಂದಿತು. ಕಿರುಪದವನ್ನು ಕ್ರಿಯಾಪದದಿಂದ ಬೇರೆಯಾಗಿ ಇಡುವ ರೂಢಿ ಆಗಲೂ ಇತ್ತು. ಆದರೆ ಅದು ದಿಕ್ಕನ್ನು ಹೇಳುವುದಕ್ಕಷ್ಟೇ ಹೆಚ್ಚಾಗಿ ಬಳಕೆಯಾಗುತ್ತಿತ್ತು. ಇಂಗ್ಲಿಷಿನ ಸೋದರಭಾಷೆಯಾದ ಜರ್ಮನಿನಲ್ಲಿ ಈ ಎರಡೂ ಕ್ರಮಗಳು ಈಗಲೂ ಒಟ್ಟಿಗೆ ಬಾಳುತ್ತಿವೆ. ಅಲ್ಲಿ ಏಳು ಎಂಬ ಕ್ರಿಯಾಪದದಲ್ಲಿ ಮೇಲೆ ಎಂಬ ಪ್ರತ್ಯಯ ಮೊದಲಿಗೆ ಅಂಟಿರುತ್ತದೆ. ವಾಕ್ಯದಲ್ಲಿ ಬಳಸುವಾಗ ಅದು ಕಳಚಿಕೊಂಡು ವಾಕ್ಯದ ತುದಿಗೆ ಹೋಗಿ ಕೂರುತ್ತದೆ.

ಇಂಗ್ಲಿಷಿನ ಈ ಏರ್ಪಾಡನ್ನು ಕದಲಿಸಿದ ಘಟನೆಗಳು ಎರಡು. ಮೊದಲನೆಯದು 9ನೆಯ ಶತಮಾನದಿಂದ ಸ್ಕಾಂಡಿನೇವಿಯಾದ ಜನ ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಬಂದು ನೆಲೆಸಿದ್ದು. ದಾಳಿಕೋರರಾಗಿ ಬಂದವರು ನೆರೆಹೊರೆಯವರಾದರು, ಬೀಗರಾದರು. ಅವರ ಭಾಷೆಯಲ್ಲಿ ಕಿರುಪದವನ್ನು ಕ್ರಿಯಾಪದದ ನಂತರ ಬಿಡಿಯಾಗಿ ಇಡುವ ರೂಢಿ ಪ್ರಬಲವಾಗಿತ್ತು. ಇಂಗ್ಲಿಷಿನ ಬದಲಾವಣೆಗೆ ಇದು ಒತ್ತಾಸೆಯಾಯಿತೆಂದು ಕೆಲವು ವಿದ್ವಾಂಸರ ಮತ. ಅಂತೂ ‘ಟೇಕ್’ ಮತ್ತು ‘ಗೆಟ್’ ಎಂಬ ಕ್ರಿಯಾಪದಗಳು ಇಂಗ್ಲಿಷಿಗೆ ಬಂದದ್ದು ಅವರಿಂದಲೇ. ಈ ಎರಡು ಪದಗಳಿಲ್ಲದ ಫ್ರೇಸಲ್ ವರ್ಬುಗಳ ಪಟ್ಟಿಯನ್ನು ಊಹಿಸಿಕೊಳ್ಳುವುದೂ ಕಷ್ಟ.

ಎರಡನೆಯದು 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದದ್ದು. ಅರಮನೆಯ ಭಾಷೆ, ನ್ಯಾಯಸ್ಥಾನದ ಭಾಷೆ, ದೊಡ್ಡಮನುಷ್ಯರ ಭಾಷೆ ಫ್ರೆಂಚ್ ಆಯಿತು. ಮಠಗಳಲ್ಲೂ ವಿದ್ವತ್ತಿನಲ್ಲೂ ಲ್ಯಾಟಿನ್ ಮುಂದುವರಿಯಿತು. ನ್ಯಾಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಶಾಸನ ಬರಲು 1362ರವರೆಗೆ ಕಾಯಬೇಕಾಯಿತು. ಇಷ್ಟು ದೀರ್ಘಕಾಲ ಇಂಗ್ಲಿಷ್ ಉಳಿದದ್ದು ಹೊಲದಲ್ಲಿ, ಅಡುಗೆಮನೆಯಲ್ಲಿ, ಸಂತೆಯಲ್ಲಿ. ಘನವಾದ ವಿಚಾರಗಳಿಗೆ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಬಂದು ಕುಳಿತವು. ಹಳೆಯ ಅಂಟುಪ್ರತ್ಯಯಗಳು ಹೊಸ ಪದಗಳನ್ನು ಹೆರುವ ಶಕ್ತಿಯನ್ನು ಕಳೆದುಕೊಂಡವು. ಆಗ ಸಾಮಾನ್ಯ ಜನರು ತಮ್ಮ ಹೊಸ ಅಗತ್ಯಗಳಿಗೆ ಕೈಗೆತ್ತಿಕೊಂಡದ್ದು ತಮ್ಮ ಮನೆಯ ಸರಕನ್ನೇ: ಕೊಡು, ಇಡು, ಬರು, ಹೋಗು ಎಂಬ ಸಾದಾ ಕ್ರಿಯಾಪದಗಳು ಮತ್ತು ಮೇಲೆ, ಕೆಳಗೆ, ಹೊರಗೆ, ಆಚೆ ಎಂಬ ದಿಕ್ಕಿನ ಪದಗಳು.

ಈ ಬದಲಾವಣೆಯ ಮೊದಲ ಸಾಕ್ಷ್ಯಗಳಲ್ಲೊಂದು ಪೀಟರ್‌ಬರೋ ಎಂಬಲ್ಲಿನ ಕ್ರೈಸ್ತ ಮಠದ ವೃತ್ತಾಂತಗ್ರಂಥ. ಈ ಊರು ಸ್ಕಾಂಡಿನೇವಿಯನ್ನರು ನೆಲೆಸಿದ್ದ ಪೂರ್ವಭಾಗದಲ್ಲೇ ಇದೆ. ಬೇರೆಡೆ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಪದ್ಧತಿ ನಿಂತುಹೋದ ಮೇಲೂ ಅಲ್ಲಿನ ಸನ್ಯಾಸಿಗಳು 1154ರ ವರೆಗಿನ ಘಟನೆಗಳನ್ನು ತಮ್ಮ ಮಾತಿನಲ್ಲೇ ದಾಖಲಿಸಿದರು. ಸ್ಟೀಫನ್ ರಾಜನ ಕಾಲದ ಅಂತರ್ಯುದ್ಧವನ್ನು ವರ್ಣಿಸುವಾಗ, ಪಟ್ಟಣವನ್ನು ಎದುರಾಳಿಗೆ ಒಪ್ಪಿಸುವುದಕ್ಕೆ ಅವರು ಬಳಸಿದ ಮಾತು ‘ಗಿವ್ ಅಪ್’! ಅಲ್ಲಿಂದ ಇಂದಿನವರೆಗಿನ ದಾರಿಯನ್ನು ನೋಡಿ. ಮೊದಲು ಕೋಟೆಯನ್ನು, ಊರನ್ನು ಒಪ್ಪಿಸುವುದು. ಆಮೇಲೆ ಹಕ್ಕನ್ನು ಬಿಟ್ಟುಕೊಡುವುದು. ಆಮೇಲೆ ಆಸೆಯನ್ನು ಕೈಬಿಡುವುದು. ಕೊನೆಗೆ ಬೀಡಿ ಸಿಗರೇಟು ಬಿಡುವುದು. ಎಲ್ಲದರಲ್ಲೂ ಹಿಡಿದದ್ದನ್ನು ಬಿಟ್ಟುಕೊಡುವ ಅದೇ ಚಿತ್ರವಿದೆ.

ಹೀಗೆ ಇಂಗ್ಲಿಷಿನಲ್ಲಿ ಒಂದೇ ಕಾರ್ಯಕ್ಕೆ ಎರಡು ಮಾತುಗಳು ಉಳಿದವು. ಮನೆಯಲ್ಲಿ ‘ಪುಟ್ ಆಫ್’, ಕಚೇರಿಯಲ್ಲಿ ‘ಪೋಸ್ಟ್‌ಪೋನ್’. ಮನೆಯಲ್ಲಿ ‘ಪುಟ್ ಔಟ್’, ಗ್ರಂಥದಲ್ಲಿ ‘ಎಕ್ಸ್‌ಟಿಂಗ್ವಿಷ್’. ಬೀದಿಯಲ್ಲಿ ‘ಲುಕ್ ಇಂಟು’, ವರದಿಯಲ್ಲಿ ‘ಇನ್ವೆಸ್ಟಿಗೇಟ್’. ಕನ್ನಡಿಗರಾದ ನಮಗೆ ಇದು ಹೊಸತಲ್ಲ. ನಾವು ಮನೆಯಲ್ಲಿ ಬಿಟ್ಟುಬಿಡುತ್ತೇವೆ, ಭಾಷಣದಲ್ಲಿ ತ್ಯಜಿಸುತ್ತೇವೆ. ಮನೆಯಲ್ಲಿ ತಾಳಿಕೊಳ್ಳುತ್ತೇವೆ, ಬರಹದಲ್ಲಿ ಸಹಿಸುತ್ತೇವೆ. ಊರಿನಿಂದ ಹೊರಹಾಕುತ್ತೇವೆ, ನಿರ್ಣಯದಲ್ಲಿ ಬಹಿಷ್ಕರಿಸುತ್ತೇವೆ.

ಎರಡು ಮಾತುಗಳಿದ್ದಲ್ಲಿ ಮೇಲುಕೀಳಿನ ಭಾವನೆ ಬರದೇ ಇರುವುದಿಲ್ಲ. 1672ರಲ್ಲಿ ಕವಿ ಡ್ರೈಡನ್, ವಾಕ್ಯದ ಕೊನೆಯಲ್ಲಿ ಇಂಥ ಕಿರುಪದವನ್ನು ನಿಲ್ಲಿಸುವುದು ದೋಷವೆಂದು ಬೆನ್ ಜಾನ್ಸನ್ ಎಂಬ ನಾಟಕಕಾರನನ್ನು ಟೀಕಿಸಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಇಂಥ ವಾಕ್ಯರಚನೆ ಸಲುಗೆಯ ಮಾತಿಗೆ ಒಪ್ಪುತ್ತದೆ, ಗಂಭೀರವಾದ ಬರಹಕ್ಕೆ ಇನ್ನೊಂದು ಕ್ರಮವೇ ಮೇಲು ಎಂದ. ಲ್ಯಾಟಿನ್ ವ್ಯಾಕರಣದ ಅಳತೆಗೋಲಿನಿಂದ ಇಂಗ್ಲಿಷನ್ನು ಅಳೆದ ಕಾಲವದು.

ಆ ಕಾಲದಲ್ಲೇ ಇವುಗಳ ಮಹತ್ತ್ವವನ್ನು ಸರಿಯಾಗಿ ಗ್ರಹಿಸಿದವನು ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್. 1755ರಲ್ಲಿ ಪ್ರಕಟವಾದ ಅವನ ನಿಘಂಟಿನ ಪ್ರಸ್ತಾವನೆಯಲ್ಲಿ ಇವುಗಳ ಕುರಿತೇ ಒಂದು ಭಾಗವಿದೆ. ಕ್ರಿಯಾಪದಕ್ಕೆ ಕಿರುಪದ ಸೇರಿ ಅರ್ಥ ಬದಲಾಗುವುದು ಇಂಗ್ಲಿಷಿನಲ್ಲಿ ಬಹಳ ಹೆಚ್ಚು. ಪರದೇಶದವರಿಗೆ ಅತಿ ದೊಡ್ಡ ತೊಡಕು ಇದೇ. ಕೆಲವಂತೂ ಯಾವ ನಿಯಮಕ್ಕೂ ಸಿಗದಷ್ಟು ಅಡ್ಡಾದಿಡ್ಡಿಯಾಗಿವೆ ಎಂಬುದು ಅವನ ಮಾತಿನ ಸಾರ. ಸ್ವತಃ ಲ್ಯಾಟಿನ್ ಪದಗಳ ಭಾರವಾದ ಗದ್ಯಕ್ಕೆ ಹೆಸರಾದ ಆ ಪಂಡಿತ ಈ ಮನೆಮಾತುಗಳನ್ನು ಅಪಾರ ಶ್ರಮದಿಂದ ಕಲೆಹಾಕಿದ. ಅವನು ಕೊಟ್ಟ ಅರ್ಥಗಳಲ್ಲಿ ಕೆಲವು ಇಂದು ಹಿಂದೆ ಸರಿದಿವೆ. ಅವನ ಪ್ರಸ್ತಾವನೆಯಲ್ಲಿ ‘ಸೆಟ್ ಆಫ್’ ಎಂದರೆ ಅಲಂಕರಿಸು. ಪಯಣ ಹೊರಡುವುದಕ್ಕೆ ‘ಸೆಟ್ ಔಟ್’. ಇಂದು ಹೊರಡುವುದಕ್ಕೆ ಎರಡೂ ಸಲ್ಲುತ್ತವೆ. ‘ಟೇಕ್ ಆಫ್’ ಎಂದರೆ ನಕಲು ಮಾಡು ಎಂದು ಅವನು ಬರೆದ, ಆಗಿನ್ನೂ ವಿಮಾನವಿರಲಿಲ್ಲ. ಆದರೆ ‘ಆಫ್’ ಎಂದರೆ ತಾಗಿದ್ದನ್ನು ಬಿಟ್ಟು ಆಚೆಗೆ ಎಂಬುದನ್ನು ನೆನಪಿಟ್ಟರೆ, ಮೈಮೇಲಿನ ಬಟ್ಟೆ ಕಳಚುವುದೂ ನೆಲವನ್ನು ಬಿಟ್ಟು ವಿಮಾನ ಏಳುವುದೂ ಮೂಲದಿಂದ ಪ್ರತಿಯೊಂದನ್ನು ಎತ್ತಿಕೊಳ್ಳುವುದೂ ಒಂದೇ ಬಳ್ಳಿಯ ಕಾಯಿಗಳೆಂದು ತಿಳಿಯುತ್ತದೆ.

ಇಷ್ಟಾದರೂ ಈ ಗುಂಪಿಗೆ ಸರ್ವಸಮ್ಮತವಾದ ಹೆಸರಿರಲಿಲ್ಲ. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಬಳಕೆಗೆ ತಂದವನು ಲೋಗನ್ ಪಿಯರ್ಸಲ್ ಸ್ಮಿತ್, 1925ರಲ್ಲಿ. ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ ತನಗೆ ಈ ಹೆಸರನ್ನು ಸೂಚಿಸಿದನೆಂದು ಅವನೇ ಹೇಳಿದ್ದಾನೆ. ಮುಂದೆ 1930ರಲ್ಲಿ ಸಿ. ಕೆ. ಆಗ್ಡನ್ ಎಂಬ ವಿದ್ವಾಂಸ, ಇಡೀ ಜಗತ್ತು ಸುಲಭವಾಗಿ ಕಲಿಯಲೆಂದು 850 ಪದಗಳ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ರೂಪಿಸಿದ. ಅದರಲ್ಲಿ ಕ್ರಿಯಾಪದಗಳು 18 ಮಾತ್ರ! ಪ್ರವೇಶಿಸು ಎನ್ನಲು ‘ಎಂಟರ್’ ಬೇಡ, ‘ಗೋ ಇನ್’ ಸಾಕು. ಏರು ಎನ್ನಲು ‘ಅಸೆಂಡ್’ ಬೇಡ, ‘ಗೋ ಅಪ್’ ಸಾಕು. ಪದಗಳೇನೋ ಕಡಿಮೆಯಾದವು; ಆದರೆ ಆ ಭಾರವೆಲ್ಲ ಕಿರುಪದಗಳ ಹೆಗಲಿಗೆ ಬಿತ್ತು. ಇಂಗ್ಲಿಷನ್ನು ತಾಯಿಯಿಂದ ಕಲಿತವನಿಗೆ ಸರಳವಾದದ್ದು ಪುಸ್ತಕದಿಂದ ಕಲಿತವನಿಗೆ ಸರಳವಾಗಿರಬೇಕಿಲ್ಲ.

ನಮ್ಮ ನಾಡಿನ ಕಥೆ ಇಲ್ಲಿಯೇ ಬಂದು ಕೂಡುತ್ತದೆ. 1835ರ ಮೆಕಾಲೆಯ ಟಿಪ್ಪಣಿಯ ನಂತರ, 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದ ನಂತರ ನಮ್ಮ ಹಿರಿಯರು ಇಂಗ್ಲಿಷನ್ನು ಕಲಿತದ್ದು ಕಾಯಿದೆ, ಸರ್ಕಾರಿ ಪತ್ರ, ಪ್ರಬಂಧಗಳ ಬಾಗಿಲಿನಿಂದ. ಆ ಬಾಗಿಲಲ್ಲಿ ನಿಂತಿದ್ದವರು ಲ್ಯಾಟಿನ್ ವಂಶದ ದೊಡ್ಡ ಪದಗಳು. ಅದರಿಂದಲೇ ಹಳ್ಳಿಯ ಶಾಲೆಯಲ್ಲಿ ಓದಿದ ನಮ್ಮ ಹುಡುಗ ‘ಟಾಲರೇಟ್’ ಎಂಬ ಪದವನ್ನು ಬಲ್ಲ, ‘ಪುಟ್ ಅಪ್ ವಿತ್’ ಕೇಳಿದರೆ ತಡಬಡಿಸುತ್ತಾನೆ. ಅಂಥವನನ್ನು ಕಂಡು ನಗರದ ಸಹಪಾಠಿಗಳು ನಕ್ಕದ್ದನ್ನು ನಾನು ಕಂಡಿದ್ದೇನೆ. ಆ ನಗೆ ಎಷ್ಟೋ ಮಕ್ಕಳ ಬಾಯಿಯನ್ನು ಕಟ್ಟಿಹಾಕಿದೆ. ಇಂಗ್ಲಿಷ್ ಮಗು ಮೊದಲು ಕಲಿಯುವ ಅಡುಗೆಮನೆಯ ಮಾತನ್ನು ನಮ್ಮ ಮಗು ಕೊನೆಗೆ ಕಲಿಯುತ್ತದೆ. ಬುದ್ಧಿಯ ಕೊರತೆಯಿಂದಲ್ಲ, ಭಾಷೆ ಬಂದ ದಾರಿಯಿಂದ.

ಬಂದ ಮಾತುಗಳನ್ನು ನಾವು ನಮ್ಮವಾಗಿ ಮಾಡಿಕೊಂಡೆವು ಎಂಬುದನ್ನೂ ಹೇಳಬೇಕು. ಪೊಲೀಸ್ ಠಾಣೆಯ ಲಾಕಪ್ಪು, ನಾಟಕದ ಮೇಕಪ್ಪು, ಚಿತ್ರಮಂದಿರದ ಮುಂದಿನ ಕಟೌಟು, ಕಚೇರಿಯಲ್ಲಿ ಕಡತ ‘ಪುಟಪ್’ ಮಾಡುವುದು, ಇವೆಲ್ಲ ಫ್ರೇಸಲ್ ವರ್ಬಿನ ಮಕ್ಕಳೇ. ಕಾಲೇಜು ಮುಗಿಸುವುದನ್ನು ನಾವು ‘ಪಾಸ್ ಔಟ್’ ಎನ್ನುತ್ತೇವೆ. ಬ್ರಿಟನ್ನಿನಲ್ಲಿ ಸೈನಿಕ ತರಬೇತಿ ಮುಗಿಸುವುದಕ್ಕೆ ಆ ಮಾತು ಸಲ್ಲುತ್ತದೆಯಾದರೂ, ಸಾಮಾನ್ಯ ಮಾತಿನಲ್ಲಿ ಅದಕ್ಕೆ ಮೂರ್ಛೆ ಹೋಗು ಎಂದೇ ಅರ್ಥ. ಹೊರದೇಶದಲ್ಲಿರುವ ನಮ್ಮ ಮಕ್ಕಳು ಇದನ್ನು ಗಮನದಲ್ಲಿಡುವುದು ಒಳಿತು.

ಎರಡರ್ಥದ ಮಾತು ಯಾವಾಗಲೂ ನಗೆಯಲ್ಲಿ ಮುಗಿಯುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಮೇಲೇರಿದ ನಂತರ ಸಾಗಬೇಕಾದ ಮಾರ್ಗದ ಸೂಚನೆಯನ್ನು ನಿಯಂತ್ರಕನು ಡಚ್ ವಿಮಾನಕ್ಕೆ ಕೊಟ್ಟ. ಅದರಲ್ಲಿ ‘ಟೇಕಾಫ್’ ಎಂಬ ಪದವಿತ್ತು, ಆದರೆ ಹೊರಡುವ ಅನುಮತಿ ಇರಲಿಲ್ಲ. ಡಚ್ ವಿಮಾನದವರು ತಾವೀಗ ‘ಅಟ್ ಟೇಕಾಫ್’ ಎಂದರು. ಹೊರಡುತ್ತಿದ್ದೇವೆ ಎಂಬುದು ಅವರ ಅಭಿಪ್ರಾಯ. ಹೊರಡುವ ಜಾಗದಲ್ಲಿ ನಿಂತಿದ್ದೇವೆ ಎಂದು ನಿಯಂತ್ರಕ ತಿಳಿದ. ಕಾಯಿರಿ ಎಂಬ ಅವನ ಮರುಮಾತು ರೇಡಿಯೊ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಅದೇ ಓಡುಹಾದಿಯಲ್ಲಿದ್ದ ಅಮೆರಿಕದ ವಿಮಾನಕ್ಕೆ ಡಚ್ ವಿಮಾನ ಬಡಿಯಿತು. 583 ಜನ ಸತ್ತರು. ಮಂಜು, ಅವಸರ, ರೇಡಿಯೊ ತೊಡಕು ಎಲ್ಲವೂ ಕಾರಣಗಳೇ. ಆದರೆ ಮಾತೂ ಒಂದು ಕಾರಣ. ಆ ನಂತರ ವಿಮಾನಯಾನದ ನಿಯಮ ಬದಲಾಯಿತು. ಈಗ ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ರದ್ದುಮಾಡುವಾಗ ಮಾತ್ರ ‘ಟೇಕಾಫ್’ ಎನ್ನಬೇಕು. ಉಳಿದೆಲ್ಲ ಕಡೆ ‘ಡಿಪಾರ್ಚರ್’. ಮನೆಮಾತು ಮತ್ತು ಲ್ಯಾಟಿನ್ ವಂಶದ ಮಾತು, ಎರಡೂ ಭಾಷೆಯಲ್ಲಿ ಇರುವುದರ ಪ್ರಯೋಜನ ಅಲ್ಲಿ ಪ್ರಾಣರಕ್ಷಣೆಯೇ ಆಯಿತು.

ಹಾಗಾದರೆ ಈ ಅರ್ಥಗಳನ್ನು ಹಿಡಿಯುವ ಬಗೆ ಹೇಗೆ? ಜಾನ್ಸನ್ನನೇ ಒಂದು ದಾರಿ ತೋರಿದ್ದಾನೆ: ಎಲ್ಲವನ್ನೂ ಪಟ್ಟಿಮಾಡಲಾಗದು, ಆದರೆ ತಿಳಿದವುಗಳೊಡನೆ ಹೋಲಿಸಿ ತಿಳಿಯದವನ್ನು ಬಿಡಿಸಬಹುದು. ಕಿರುಪದವನ್ನು ಹಿಡಿಯಿರಿ. ‘ಅಪ್’ ಎಂದರೆ ಮೇಲೆ. ಪಾತ್ರೆ ತುಂಬಿ ಮೇಲಕ್ಕೆ ಬಂದರೆ ಪೂರ್ತಿಯಾಯಿತು. ಆದ್ದರಿಂದ ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ಗಳಲ್ಲಿ ಅದು ಪೂರ್ಣತೆಯ ಸೂಚಕ. ನಮ್ಮ ತಿಂದುಬಿಡು, ಕುಡಿದುಬಿಡು ಎಂಬಲ್ಲಿನ ‘ಬಿಡು’ ಮಾಡುವ ಕೆಲಸವನ್ನು ಅದು ಮಾಡುತ್ತದೆ. ‘ಔಟ್’ ಎಂದರೆ ಹೊರಗೆ. ಹೊರಗೆ ಹೋದದ್ದು ಕಾಣದಾಗುತ್ತದೆ, ಆದ್ದರಿಂದ ದೀಪ ‘ಗೋ ಔಟ್’ ಆಗುತ್ತದೆ. ಒಳಗಿದ್ದದ್ದು ಹೊರಗೆ ಬಂದರೆ ಕಾಣಿಸುತ್ತದೆ, ಆದ್ದರಿಂದ ಸತ್ಯ ‘ಕಮ್ ಔಟ್’ ಆಗುತ್ತದೆ. ‘ಆಫ್’ ಎಂದರೆ ಇದ್ದ ಸ್ಥಿತಿಯಿಂದ ಆಚೆಗೆ. ಉರಿಯುತ್ತಿದ್ದ ದೀಪ ‘ಗೋ ಆಫ್’ ಆದರೆ ಆರುತ್ತದೆ. ಸುಮ್ಮನಿದ್ದ ಅಲಾರಂ ‘ಗೋ ಆಫ್’ ಆದರೆ ಬಾರಿಸುತ್ತದೆ. ಪರಸ್ಪರ ವಿರುದ್ಧವೆಂದು ಕಾಣುವ ಎರಡರ್ಥಗಳೂ ಒಂದೇ ಬೇರಿನವು.

ಒಮ್ಮೆ ತರಗತಿಯಲ್ಲಿ ಈ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಕೈ ಕೊಟ್ಟರೆ ಸಹಾಯ ಆಗಬೇಕಲ್ಲ? ನಾವು ಮೋಸ ಮಾಡಿದವನನ್ನ ಕೈಕೊಟ್ಟ ಅಂತೀವಿ. ಅದನ್ನ ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ” ಎಂದಳು. ನಾನು ಹೇಳಬೇಕೆಂದಿದ್ದ ಪಾಠವನ್ನೆಲ್ಲ ಆಕೆ ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದಳು. ಕೈಹಿಡಿ, ಕೈಬಿಡು, ಕೈಕೊಡು, ಕೈಮಾಡು, ಕೈಮೀರು, ಇವುಗಳ ಅರ್ಥವನ್ನು ಪರದೇಶದವನೊಬ್ಬನಿಗೆ ವಿವರಿಸಲು ಕುಳಿತರೆ ನಮ್ಮ ಭಾಷೆಯೂ ಅಷ್ಟೇ ಅಡ್ಡಾದಿಡ್ಡಿಯಾಗಿ ಕಂಡೀತು. ನಮಗೆ ಹಾಗೆ ಕಾಣುವುದಿಲ್ಲ. ಏಕೆಂದರೆ ಅವುಗಳ ನಡುವೆ ಬೆಳೆದಿದ್ದೇವೆ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇಂಥ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ಕಣ್ಣೀರು ಹಾಕುತ್ತಿದ್ದರೆ, ನಿಘಂಟು ಬರೆದ ಮಹಾಪಂಡಿತನೇ ಇದನ್ನು ಕಷ್ಟವೆಂದು ಒಪ್ಪಿದ್ದನೆಂದು ಮೊದಲು ಹೇಳಿ. ಆಮೇಲೆ ಪಟ್ಟಿಯನ್ನು ಮುಚ್ಚಿಸಿ, ‘ಅಪ್’ ಎಲ್ಲೆಲ್ಲಿ ಬಂದಿದೆ, ‘ಔಟ್’ ಎಲ್ಲೆಲ್ಲಿ ಬಂದಿದೆ ಎಂದು ಒಟ್ಟುಮಾಡಲು ಹೇಳಿ. ಕೈಕೊಡು, ಕೈಬಿಡುಗಳ ಹೋಲಿಕೆಯನ್ನೂ ಕೊಡಿ. ನಿಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ ‘ಪುಟಪ್’ನಂತೆ ಕನ್ನಡವಾಗಿಹೋದ ಬೇರೆ ಜೋಡಿಗಳಿದ್ದರೆ ನನಗೆ ಬರೆದು ತಿಳಿಸಿ; ಅವನ್ನೆಲ್ಲ ಕೂಡಿಸಿ ಇನ್ನೊಮ್ಮೆ ಬರೆಯುವ ಆಸೆಯಿದೆ.